ಜಾರಿಕೆಯ ಲೆಕ್ಕ: ಒಂದು ಪರಿಕಲ್ಪನೆಯ ಹಲವು ಬಳಕೆಗಳ ಸಮೀಕ್ಷೆ

ಜೊತೆಯಾಗಿ ಸಾಗಬೇಕಾದ ಎರಡರಲ್ಲಿ ಒಂದು ಹಿಂದೆ ಉಳಿದಾಗ, ಅಥವಾ ನಿಂತಲ್ಲೇ ನಿಲ್ಲಬೇಕಾದದ್ದು ಸ್ವಲ್ಪಸ್ವಲ್ಪವೇ ಸರಿದುಹೋದಾಗ, ನಡುವೆ ಬೀಳುವ ಅಂತರವನ್ನು ಹಲವು ಶಾಸ್ತ್ರಗಳು ಇಂದು 'ಸ್ಲಿಪೇಜ್' ಎಂಬ ಒಂದೇ ಹೆಸರಿನಿಂದ ಗುರುತಿಸುತ್ತವೆ. ಕನ್ನಡದಲ್ಲಿ ಇದಕ್ಕೆಲ್ಲ ಸಲ್ಲುವ ಒಂದೇ ಮಾತು ನೆಲೆಗೊಂಡಿಲ್ಲ. ಮೋಟರ್ ರಿಪೇರಿಯವರು ಅದನ್ನು 'ಸ್ಲಿಪ್' ಎಂದೂ, ನೀರಾವರಿಯವರು 'ಸೋರಿಕೆ' ಎಂದೂ, ಕಾಮಗಾರಿಯ ಕಡತಗಳು 'ವಿಳಂಬ' ಎಂದೂ, ಪತ್ರಿಕೆಗಳು ಗುಡ್ಡದ ವಿಷಯದಲ್ಲಿ 'ಕುಸಿತ' ಎಂದೂ, ಭಾಷಾಶಾಸ್ತ್ರಜ್ಞರು 'ಪಲ್ಲಟ' ಎಂದೂ ಕರೆಯುತ್ತಾರೆ. ಬ್ಯಾಂಕಿನವರು ಮಾತ್ರ 'ಸ್ಲಿಪೇಜ್' ಎಂಬ ಪದವನ್ನೇ ಉಳಿಸಿಕೊಂಡಿದ್ದಾರೆ. ಈ ಲೇಖನದಲ್ಲಿ ಇವೆಲ್ಲವನ್ನೂ ಒಳಗೊಳ್ಳುವಂತೆ 'ಜಾರಿಕೆ' ಎಂಬ ಪದವನ್ನು ಬಳಸಲಾಗಿದೆ.

ಕುಣಿಗಲ್‌ನಿಂದ ಮದ್ದೂರಿನತ್ತ ಹೋಗುವ ದಾರಿಯಲ್ಲಿರುವ ಹುಲಿಯೂರುದುರ್ಗ ಹೋಬಳಿ, ಅದರ ಉತ್ತರಕ್ಕಿರುವ ಗುಬ್ಬಿ ಮತ್ತು ತುಮಕೂರು ಈ ಸಮೀಕ್ಷೆಯ ಹಿನ್ನೆಲೆಯಾಗಿವೆ. ಕೊಳವೆಬಾವಿಯ ಮೋಟರು, ಹೇಮಾವತಿ ನಾಲೆಯ ನೀರು, ತೆಂಗಿನ ತೋಟದ ಆದಾಯ, ಬೆಳೆಸಾಲ, ದಶಕಗಳ ಕಾಲ ಕಾದು ಪಡೆದ ರೈಲು ಇವೆಲ್ಲವೂ ಒಂದೇ ಜನರ ಬದುಕಿಗೆ ಸೇರಿರುವುದರಿಂದ, ಬೇರೆ ಬೇರೆ ಶಾಸ್ತ್ರಗಳಲ್ಲಿ ಹಂಚಿಹೋಗಿರುವ ಜಾರಿಕೆಯ ಅರ್ಥಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಗುತ್ತದೆ.

ಬಂಡೆ, ಮಣ್ಣು, ಇಳಿಜಾರು

ಪದದ ಮೂಲಾರ್ಥ ಭೌತಿಕವಾದದ್ದು. ಒಂದರ ಮೇಲೊಂದು ಕುಳಿತ ಎರಡು ಮೈಗಳು ಘರ್ಷಣೆಯಿಂದ ಹಿಡಿದುಕೊಂಡಿರುತ್ತವೆ, ಮತ್ತು ಆ ಹಿಡಿತದ ಬಲವನ್ನು ಘರ್ಷಣಾಂಕ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಘರ್ಷಣಾಂಕ 0.6 ಇರುವ ಬಂಡೆಯ ಮೇಲೆ ಇಟ್ಟ ವಸ್ತು ಇಳಿಜಾರು ಸುಮಾರು 31 ಡಿಗ್ರಿ ದಾಟುವವರೆಗೆ ಕದಲುವುದಿಲ್ಲ, ದಾಟಿದೊಡನೆ ನಿಲ್ಲುವುದಿಲ್ಲ. ಕೆಂಪೇಗೌಡರ ಕೋಟೆಯಿರುವ ಹುಲಿಯೂರುದುರ್ಗದ ಬೆಟ್ಟದಂಥ ಬೋಳುಬಂಡೆಯನ್ನು ಬೇಸಿಗೆಯಲ್ಲಿ ನಿರಾಯಾಸವಾಗಿ ಏರುವವರು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಕಾಲೂರಲು ಹೆದರುವುದಕ್ಕೆ ಕಾರಣ ಇಳಿಜಾರು ಹೆಚ್ಚಿದ್ದಲ್ಲ. ನೀರು ಮತ್ತು ಪಾಚಿ ಘರ್ಷಣಾಂಕವನ್ನು ಇಳಿಸಿರುತ್ತವೆ.

ಮಣ್ಣಿನ ಗುಡ್ಡಗಳಲ್ಲಿ ಇದೇ ತತ್ವ ಹೆಚ್ಚು ಅಪಾಯಕಾರಿಯಾಗಿ ಕೆಲಸ ಮಾಡುತ್ತದೆ. ಮಳೆನೀರು ಮಣ್ಣಿನ ಕಣಗಳ ನಡುವೆ ತುಂಬಿ ಅವುಗಳನ್ನು ಒಂದರಿಂದೊಂದು ದೂರ ತಳ್ಳುವಾಗ ಕಣಗಳ ಪರಸ್ಪರ ಹಿಡಿತ ಸಡಿಲಗೊಳ್ಳುತ್ತದೆ. ಅದೇ ವೇಳೆಗೆ ರಸ್ತೆಗೆಂದು ಗುಡ್ಡದ ಬುಡವನ್ನು ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲೂ ಗುಡ್ಡಗಳು ಕುಸಿದವು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುಮಾರ್ಗದಲ್ಲಿ ಭೂಕುಸಿತವಾದಾಗ, ಕುಣಿಗಲ್ ಮೂಲಕ ಕರಾವಳಿಗೆ ಹೋಗುವ ರೈಲುಗಳೂ ನಿಂತವು. ಇಂಥ ಘಟನೆಗಳು ಕ್ಷಣದಲ್ಲಿ ನಡೆದಂತೆ ತೋರಿದರೂ, ಬಿರುಕು ಬಿಡುವುದು, ಮರಗಳು ವಾಲುವುದು, ಒರತೆಯ ನೀರು ಕೆಸರಾಗುವುದು ಮೊದಲಾದ ಸಣ್ಣ ಸರಿತಗಳು ಹಲವು ಕಡೆ ಮುಂಚೆಯೇ ಕಾಣಿಸಿಕೊಳ್ಳುತ್ತವೆ ಎಂಬುದು ಭೂವಿಜ್ಞಾನದ ಸಾಮಾನ್ಯ ತಿಳಿವಳಿಕೆ. ಸಣ್ಣ ಜಾರಿಕೆಯನ್ನು ಅಳೆಯದೆ ಬಿಟ್ಟಲ್ಲಿ ಅದು ದೊಡ್ಡ ಕುಸಿತವಾದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ.

ಯಂತ್ರ: ಬೇಕಾದ ಜಾರಿಕೆ, ಬೇಡದ ಜಾರಿಕೆ

ಜಾರಿಕೆ ಎಂದರೆ ದೋಷ ಎಂಬ ಸಾಮಾನ್ಯ ಗ್ರಹಿಕೆಯನ್ನು ತಿದ್ದುವ ಉದಾಹರಣೆ ಬಯಲುಸೀಮೆಯ ಪ್ರತಿ ತೋಟದಲ್ಲೂ ಇದೆ. ನೀರೆತ್ತುವ ಮೋಟರುಗಳಲ್ಲಿ ಬಹುಪಾಲು ಇಂಡಕ್ಷನ್ ಮೋಟರುಗಳು. ಇವುಗಳ ಹೊರಕವಚದ ಸುರುಳಿಗಳಲ್ಲಿ ವಿದ್ಯುತ್ ಹರಿದಾಗ ಒಂದು ಕಾಂತಕ್ಷೇತ್ರ ಸುತ್ತತೊಡಗುತ್ತದೆ, ಮತ್ತು ಆ ಕ್ಷೇತ್ರವನ್ನು ಹಿಂಬಾಲಿಸಿ ಒಳಗಿನ ರೋಟರ್ ತಿರುಗುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟರಿನ ಕ್ಷೇತ್ರ ನಿಮಿಷಕ್ಕೆ 1,500 ಸುತ್ತು ಸುತ್ತಿದರೆ, ಅದರ ಹೆಸರುಫಲಕದಲ್ಲಿ ಸಾಮಾನ್ಯವಾಗಿ 1,440 ಎಂದು ಬರೆದಿರುತ್ತದೆ. ಕಾಣೆಯಾದ 60 ಸುತ್ತು, ಅಂದರೆ ಶೇಕಡ 4, ಆ ಮೋಟರಿನ ಸ್ಲಿಪ್. ರೋಟರ್ ಒಂದು ವೇಳೆ ಕ್ಷೇತ್ರದ ವೇಗವನ್ನೇ ಮುಟ್ಟಿಬಿಟ್ಟರೆ ಇವೆರಡರ ನಡುವೆ ವ್ಯತ್ಯಾಸವೇ ಉಳಿಯದೆ, ರೋಟರಿನಲ್ಲಿ ವಿದ್ಯುತ್ ಪ್ರೇರಣೆಯಾಗದೆ, ತಿರುಗಿಸುವ ಬಲವೇ ಇಲ್ಲವಾಗುತ್ತದೆ. ಹಿಂದೆ ಬೀಳುವುದರಿಂದಲೇ ಈ ಯಂತ್ರ ಕೆಲಸ ಮಾಡುತ್ತದೆ.

ಆದರೆ ಇದೇ ಸ್ಲಿಪ್ ಮಿತಿ ಮೀರಿದರೆ ಮೋಟರನ್ನು ಸುಡುತ್ತದೆ. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜು ಶೇಕಡ 80ಕ್ಕೆ ಇಳಿದಾಗ ಬಲ ಶೇಕಡ 64ಕ್ಕೆ ಕುಗ್ಗುತ್ತದೆ. ಆಳದ ನೀರಿನ ಭಾರ ಮಾತ್ರ ಅಷ್ಟೇ ಇರುತ್ತದೆ. ಆಗ ರೋಟರ್ ಇನ್ನಷ್ಟು ಹಿಂದೆ ಬಿದ್ದು, ಹೆಚ್ಚು ಕರೆಂಟು ಎಳೆದು, ಸುರುಳಿ ಕಾದು, ಕೊನೆಗೆ ಮೋಟರನ್ನು ಮೇಲೆತ್ತಿ ರೀವೈಂಡಿಂಗ್‌ಗೆ ಕಳಿಸಬೇಕಾಗುತ್ತದೆ. 'ವೋಲ್ಟೇಜ್ ಇಲ್ಲದೆ ಮೋಟರ್ ಸುಟ್ಟುಹೋಯಿತು' ಎಂದು ರೈತರು ಆಡುವ ಮಾತಿನ ಒಳಗಿರುವುದು ಮಿತಿ ದಾಟಿದ ಜಾರಿಕೆಯ ಲೆಕ್ಕವೇ ಆಗಿದೆ.

ಹಿಟ್ಟಿನ ಗಿರಣಿಯ ಬೆಲ್ಟಿನಲ್ಲಿ ಎರಡೂ ಮುಖಗಳನ್ನು ಒಟ್ಟಿಗೆ ಕಾಣಬಹುದು. ಬೆಲ್ಟು ಸಡಿಲವಾಗಿ ಜಾರಿದರೆ ವಿದ್ಯುತ್ತು ಶಾಖವಾಗಿ ಪೋಲಾಗುತ್ತದೆ, ರಾಗಿ ನುಣ್ಣಗೆ ಬೀಸುವುದಿಲ್ಲ. ಆದರೆ ಕಾಳಿನ ಜೊತೆ ಕಲ್ಲೋ ಕಬ್ಬಿಣದ ಚೂರೋ ಸೇರಿ ಬೀಸುವ ಕಲ್ಲು ಹಿಡಿದುಕೊಂಡಾಗ, ಜಾರುವ ಬೆಲ್ಟು ಮೋಟರನ್ನು ಉಳಿಸುತ್ತದೆ. ಕೈಪಂಪಿನಂಥ, ದಂಡ ಮೇಲೆ ಕೆಳಗೆ ಆಡುವ ಪಂಪುಗಳಲ್ಲಿ ಸ್ಲಿಪ್ ಎಂದರೆ ಲೆಕ್ಕದ ಪ್ರಕಾರ ಬರಬೇಕಾದ ನೀರಿಗೂ ನಿಜವಾಗಿ ಬಂದ ನೀರಿಗೂ ಇರುವ ವ್ಯತ್ಯಾಸ, ಮತ್ತು ಸವೆದ ವಾಷರ್ ಇದಕ್ಕೆ ಸಾಮಾನ್ಯ ಕಾರಣಗಳಲ್ಲಿ ಒಂದು. ತಾಂತ್ರಿಕ ಬಳಕೆಯ ಈ ವಲಯದಲ್ಲಿ ಜಾರಿಕೆಯನ್ನು ಯಾರೂ ಸಂಪೂರ್ಣವಾಗಿ ಅಳಿಸಲು ಹೊರಡುವುದಿಲ್ಲ. ಎಷ್ಟಿರಬೇಕು ಎಂಬುದನ್ನು ಮೊದಲೇ ಫಲಕದ ಮೇಲೆ ಬರೆದಿಟ್ಟು ಅದಕ್ಕಿಂತ ಹೆಚ್ಚಾದಾಗ ಮಾತ್ರ ಕೈಹಾಕುತ್ತಾರೆ.

ನಾಲೆಯ ನೀರು: ಎಲ್ಲಿಂದ ಅಳೆಯಬೇಕು

ನೀರು ಹಂಚಿಕೆಯಲ್ಲಿ ಜಾರಿಕೆ ಎಂದರೆ ಬಿಟ್ಟ ನೀರಿಗೂ ಮುಟ್ಟಿದ ನೀರಿಗೂ ಇರುವ ಅಂತರ. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ನಾಲೆಯಲ್ಲಿ ಹರಿವನ್ನು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ ಅಳೆಯುವುದರಿಂದ, 1,000 ಕ್ಯೂಸೆಕ್ ನೀರು ಎಡೆಬಿಡದೆ ಹರಿದರೆ ಒಂದು ಟಿಎಂಸಿ ತುಂಬಲು ಸುಮಾರು ಹನ್ನೊಂದೂವರೆ ದಿನ ಬೇಕಾಗುತ್ತದೆ. ಈ ಜಲಾಶಯದ ನೀರು ತುಮಕೂರು ಶಾಖಾ ನಾಲೆಯ ಮೂಲಕ ತುಮಕೂರು ಜಿಲ್ಲೆಯ ತಾಲ್ಲೂಕುಗಳಿಗೂ, ಬುಗುಡನಹಳ್ಳಿ ಕೆರೆಯ ಮೂಲಕ ತುಮಕೂರು ನಗರದ ಕುಡಿಯುವ ನೀರಿಗೂ ಒದಗುತ್ತದೆ.

ದೂರ ಹೆಚ್ಚಿದಂತೆ ಅಂತರ ಹೇಗೆ ಬೆಳೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಪ್ರತಿ 10 ಕಿಲೋಮೀಟರಿಗೆ ಬರೀ ಶೇಕಡ 5ರಷ್ಟು ನೀರು ಇಂಗಿ, ಆವಿಯಾಗಿ, ಅಥವಾ ದಡದ ಪಂಪುಗಳ ಪಾಲಾಗಿ ಕಡಿಮೆಯಾಗುತ್ತದೆ ಎಂದಿಟ್ಟುಕೊಂಡರೂ, 100 ಕಿಲೋಮೀಟರ್ ದಾಟಿದ ಮೇಲೆ ಹೊರಟ ನೀರಿನ ಶೇಕಡ 60 ಮಾತ್ರ ಉಳಿದಿರುತ್ತದೆ. ಮೇಲ್ಭಾಗದವರ ಪಾಲಿಗೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕದಾದ ನಷ್ಟ ಕೊನೆಯಂಚಿನ ಅಚ್ಚುಕಟ್ಟಿನವರಿಗೆ ಒಂದು ಬೆಳೆಯನ್ನೇ ಕಳೆಯುವ ನಷ್ಟವಾಗುತ್ತದೆ. ಹಿಂದಿನ ಕೆರೆ ವ್ಯವಸ್ಥೆಯಲ್ಲಿ ತೂಬು ತೆರೆಯುವ, ಸರದಿ ನೋಡುವ ನೀರುಗಂಟಿ ಊರಿನವರ ಕಣ್ಣೆದುರೇ ಈ ವ್ಯತ್ಯಾಸವನ್ನು ಸರಿದೂಗಿಸುತ್ತಿದ್ದನು; ನೂರಾರು ಕಿಲೋಮೀಟರಿನ ನಾಲೆಯಲ್ಲಿ ಆ ಕೆಲಸ ಅಳತೆಯ ಮಾಪಕಗಳ ಮತ್ತು ದಾಖಲೆಪುಸ್ತಕಗಳ ಪಾಲಿಗೆ ಬಂದಿದೆ.

ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯಲು ರೂಪಿಸಿದ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ಸುತ್ತ 2024 ಮತ್ತು 2025ರಲ್ಲಿ ನಡೆದ ಹೋರಾಟಗಳನ್ನು ಈ ಬೆಳಕಿನಲ್ಲಿ ಓದಬಹುದು. ತಮಗೆ ಹಂಚಿಕೆಯಾದ ನೀರು ಹಳೆಯ ನಾಲೆಯಲ್ಲಿ ತಮ್ಮವರೆಗೆ ಬರುತ್ತಿಲ್ಲ, ಹಾಗಾಗಿ ಬೇರೆ ದಾರಿ ಬೇಕು ಎಂಬುದು ಕುಣಿಗಲ್ ಕಡೆಯ ವಾದ. ನಾಲೆಯ ಮೇಲ್ಭಾಗದಲ್ಲೇ ನೀರನ್ನು ತಿರುಗಿಸಿದರೆ ಗುಬ್ಬಿ, ತುಮಕೂರು ಮೊದಲಾದ ಕಡೆಗಳ ಪಾಲು ಕರಗುತ್ತದೆ, ನೀರು ಜಿಲ್ಲೆಯಾಚೆಗೂ ಹೋಗುತ್ತದೆ ಎಂಬುದು ವಿರೋಧಿಗಳ ಆತಂಕ. ಎರಡೂ ಕಡೆಯವರು ಹಂಚಿಕೆಯ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಆದರೆ ಆ ಅಂಕಿಯನ್ನು ಅಣೆಕಟ್ಟೆಯ ಬಾಗಿಲಲ್ಲಿ ಅಳೆಯಬೇಕೋ, ತಾಲ್ಲೂಕಿನ ಗಡಿಯಲ್ಲೋ, ಹೊಲದ ತೂಬಿನಲ್ಲೋ ಎಂಬುದರ ಬಗ್ಗೆ ಒಮ್ಮತವಿಲ್ಲ. ಕರ್ನಾಟಕ ಮತ್ತು ತಮಿಳುನಾಡಿನ ಕಾವೇರಿ ವಿವಾದ ಇದಕ್ಕಿಂತ ಎಷ್ಟೋ ಕಹಿಯಾದದ್ದು. ಆದರೂ ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದ್ದು, 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪು ಅಲ್ಲಿ ಹರಿಯಬೇಕಾದ ನೀರನ್ನು ವರ್ಷಕ್ಕೆ 177.25 ಟಿಎಂಸಿ ಎಂದು ನಿಗದಿ ಮಾಡಿರುವುದರಿಂದ, ಎಷ್ಟು ಕೊರತೆಯಾಯಿತು ಎಂಬ ಪ್ರಶ್ನೆಗಾದರೂ ಒಂದು ನೆಲೆ ಇದೆ. ಅಂಥ ಒಪ್ಪಿತ ನೆಲೆ ತಾಲ್ಲೂಕುಗಳ ನಡುವೆ ಗಟ್ಟಿಯಾಗದ ಹೊರತು, ಹೊಸ ನಾಲೆ ತೋಡಿದರೂ ತೋಡದಿದ್ದರೂ ಅನುಮಾನ ಉಳಿಯುತ್ತದೆ.

ಗಡುವು

ಕಾಮಗಾರಿ ನಿರ್ವಹಣೆಯ ಶಾಸ್ತ್ರದಲ್ಲಿ ಮೊದಲು ಒಪ್ಪಿದ ವೇಳಾಪಟ್ಟಿಗೂ ನಿಜವಾದ ಪ್ರಗತಿಗೂ ಇರುವ ಅಂತರವನ್ನು ಜಾರಿಕೆ ಎನ್ನುತ್ತಾರೆ. ಎಲ್ಲ ವಿಳಂಬಗಳೂ ಒಂದೇ ತೂಕದವಲ್ಲ. ಒಂದಾದ ಮೇಲೆ ಒಂದು ನಡೆಯಲೇಬೇಕಾದ ಕೆಲಸಗಳ ಅತಿ ಉದ್ದದ ಸರಣಿಗೆ ನಿರ್ಣಾಯಕ ಪಥ ಎಂದು ಹೆಸರು. ಆ ಪಥದಲ್ಲಿ ಒಂದು ದಿನ ತಪ್ಪಿದರೆ ಇಡೀ ಯೋಜನೆಗೆ ಒಂದು ದಿನ ತಪ್ಪುತ್ತದೆ, ಅದರ ಹೊರಗಿನ ಕೆಲಸಗಳಿಗೆ ಮಾತ್ರ ಸ್ವಲ್ಪ ಬಿಡುವಿರುತ್ತದೆ. ರೈಲುಮಾರ್ಗದ ವಿಷಯದಲ್ಲಿ ಈ ಪಥದ ಮೊದಲ ಮೆಟ್ಟಿಲು ಬಹುಮಟ್ಟಿಗೆ ಭೂಸ್ವಾಧೀನವೇ ಆಗಿರುತ್ತದೆ.

ಕುಣಿಗಲ್ ಮೂಲಕ ಹಾದುಹೋಗುವ ಬೆಂಗಳೂರು–ಹಾಸನ ಮಾರ್ಗ 1996-97ರಲ್ಲಿ ಮಂಜೂರಾಗಿ, ಹಾಸನ–ಶ್ರವಣಬೆಳಗೊಳದ ತುಂಡು 2006ರಲ್ಲಿ ತೆರೆದು, ಇಡೀ ಮಾರ್ಗದಲ್ಲಿ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. 2007-08ರಲ್ಲಿ ಮಂಜೂರಾದ ತುಮಕೂರು–ರಾಯದುರ್ಗ ಮಾರ್ಗವೂ ತುಂಡುತುಂಡಾಗಿಯೇ ಮುಂದೆ ಸಾಗಿದೆ. ಇಂಥ ದೀರ್ಘ ಯೋಜನೆಗಳಲ್ಲಿ ಪ್ರತಿ ಬಾರಿ ಗಡುವು ಮುಗಿದಾಗಲೂ ಪರಿಷ್ಕೃತ ಗಡುವೊಂದು ಪ್ರಕಟವಾಗುತ್ತದೆ, ಮುಂದಿನ ವಿಳಂಬವನ್ನು ಆ ಹೊಸ ದಿನಾಂಕದಿಂದಲೇ ಎಣಿಸುತ್ತಾರೆ, ಮತ್ತು ಮೊದಲ ದಿನಾಂಕ ನೆನಪಿನಿಂದ ಮರೆಯಾಗುತ್ತದೆ.

ಇದಕ್ಕೆ ಎದುರಾಗಿ ಗಡುವನ್ನು ನೆಟ್ಟ ಕಲ್ಲಿನಂತೆ ನಿಲ್ಲಿಸುವ ಪ್ರಯತ್ನವೂ ಕರ್ನಾಟಕದಲ್ಲೇ ನಡೆದಿದೆ. ನಾಗರಿಕ ಸೇವೆಗಳ ಖಾತರಿ ಅಧಿನಿಯಮ 2011ರಲ್ಲಿ ಬಂದು, 'ಸಕಾಲ' ಎಂಬ ಹೆಸರಿನಲ್ಲಿ 2012ರಿಂದ ನಡೆಯತೊಡಗಿತು. ಅರ್ಜಿ ಕೊಟ್ಟವರಿಗೆ ಸಂಖ್ಯೆಯುಳ್ಳ ಸ್ವೀಕೃತಿ ಸಿಗುತ್ತದೆ, ಪ್ರತಿ ಸೇವೆಗೂ ದಿನಗಳ ಮಿತಿಯಿದೆ, ಮತ್ತು ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಲು ಅವಕಾಶವಿದೆ. ಮೊತ್ತ ಚಿಕ್ಕದಾದರೂ, ಎಣಿಕೆ ಅರ್ಜಿದಾರರ ಕೈಯಲ್ಲಿರುವ ಚೀಟಿಯ ದಿನಾಂಕದಿಂದ ಶುರುವಾಗುವುದು ಈ ಕಾಯ್ದೆಯ ನಿಜವಾದ ಹೊಸತನ.

ಸಾಲ, ಬೆಲೆ, ಬಜೆಟ್ಟು

ಬ್ಯಾಂಕಿಂಗ್‌ನಲ್ಲಿ ಪದಕ್ಕೆ ಅತ್ಯಂತ ಖಚಿತವಾದ ಅರ್ಥವಿದೆ: ಸರಿಯಾಗಿ ಮರುಪಾವತಿಯಾಗುತ್ತಿದ್ದ ಸಾಲದ ಖಾತೆ ಅನುತ್ಪಾದಕ ಸಾಲದ, ಅಂದರೆ ಎನ್‌ಪಿಎ ವರ್ಗಕ್ಕೆ ಇಳಿಯುವುದು. ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಜಾರಿತೆಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. 2004ಕ್ಕೆ ಮುಂಚೆ ಈ ಮಿತಿ 180 ದಿನವಿತ್ತು. ಬೆಳೆಸಾಲಕ್ಕೆ ಅಳತೆಗೋಲು ಬೇರೆಯಾಗಿದ್ದು, ರಾಗಿಯಂಥ ಅಲ್ಪಾವಧಿ ಬೆಳೆಗೆ ಎರಡು ಹಂಗಾಮು ಬಾಕಿ ಉಳಿದಾಗ ಮಾತ್ರ ಖಾತೆ ಎನ್‌ಪಿಎ ಆಗುತ್ತದೆ, ಏಕೆಂದರೆ ಮಳೆಯನ್ನು ನಂಬಿದ ಆದಾಯ ತಿಂಗಳ ಕಂತಿನ ಲೆಕ್ಕಕ್ಕೆ ಒಗ್ಗುವುದಿಲ್ಲ. ಜಾರಿಕೆಯನ್ನು ಮರೆಮಾಡುವ ದಾರಿಯೂ ಹಳೆಯದೇ: ಹೊಸ ಸಾಲ ಮಂಜೂರು ಮಾಡಿ ಅದರಿಂದಲೇ ಹಳೆಯ ಬಾಕಿ ತೀರಿದಂತೆ ಪುಸ್ತಕದಲ್ಲಿ ತೋರಿಸುವುದು. ರಿಸರ್ವ್ ಬ್ಯಾಂಕ್ 2015ರಲ್ಲಿ ಬ್ಯಾಂಕುಗಳ ಆಸ್ತಿ ಗುಣಮಟ್ಟವನ್ನು ವಿಶೇಷವಾಗಿ ಪರಿಶೀಲಿಸಿದ ಮೇಲೆ ಇಂಥ ಎಷ್ಟೋ ಖಾತೆಗಳು ಬೆಳಕಿಗೆ ಬಂದು, 2018ರ ಮಾರ್ಚ್ ವೇಳೆಗೆ ಒಟ್ಟು ಎನ್‌ಪಿಎ ಪ್ರಮಾಣ ಶೇಕಡ 11ನ್ನು ದಾಟಿತು. ಬಳಿಕ ವಸೂಲಿಯ ಜೊತೆಗೆ ಲೆಕ್ಕದಿಂದ ತೆಗೆದುಹಾಕಿದ ಸಾಲಗಳೂ ಸೇರಿ 2024ರಲ್ಲಿ ಅದು ಶೇಕಡ 3ಕ್ಕಿಂತ ಕೆಳಗಿಳಿಯಿತು. 2015ರ ನಂತರದ ಏರಿಕೆಯಲ್ಲಿ ದೊಡ್ಡ ಪಾಲು ಮೊದಲೇ ಆಗಿದ್ದ ಜಾರಿಕೆ ಲೆಕ್ಕಕ್ಕೆ ಬಂದದ್ದು.

ಷೇರುಪೇಟೆಯಲ್ಲಿ ಕೊಳ್ಳುವವರು ಪರದೆಯ ಮೇಲೆ ಕಂಡ ಬೆಲೆಗೂ ವ್ಯವಹಾರ ಕುದುರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಇದೇ ಹೆಸರಿದೆ. 100 ರೂಪಾಯಿಗೆಂದು ಆದೇಶ ಕೊಟ್ಟ ಷೇರು 100 ರೂಪಾಯಿ 40 ಪೈಸೆಗೆ ಸಿಕ್ಕರೆ 40 ಪೈಸೆಯ ಜಾರಿಕೆ. ಅಲ್ಲಿ ಕ್ಷಣಗಳಲ್ಲಿ ಮುಗಿಯುವ ಈ ಅಂತರ ತಿಪಟೂರು ಸೀಮೆಯ ಉಂಡೆ ಕೊಬ್ಬರಿಯಲ್ಲಿ ಹೆಚ್ಚುಕಡಿಮೆ ವರ್ಷದುದ್ದಕ್ಕೂ ಚಾಚಿಕೊಳ್ಳುತ್ತದೆ. ಕಿತ್ತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಎನ್ನುವವರೆಗೆ ಕಾಯಬೇಕು. ಅಟ್ಟಕ್ಕೆ ಹಾಕುವ ದಿನದ ಬೆಲೆಯನ್ನು ನಂಬಿದ ಬೆಳೆಗಾರ ಇ-ಟೆಂಡರಿನ ದಿನದ ಬೆಲೆಗೆ ಮಾರಬೇಕು. 2024ರ ಹಂಗಾಮಿಗೆ ಕ್ವಿಂಟಾಲಿಗೆ 12,000 ರೂಪಾಯಿ ಎಂದು ನಿಗದಿಯಾದಂಥ ಬೆಂಬಲ ಬೆಲೆ ಈ ಜಾರಿಕೆಗೆ ತಳದಲ್ಲಿ ಒಂದು ತಡೆ ಕಟ್ಟುವ ಉಪಾಯ. ಖರೀದಿ ಕೇಂದ್ರ ಸಕಾಲಕ್ಕೆ ತೆರೆಯದಿದ್ದಲ್ಲಿ ಆ ತಡೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಸರ್ಕಾರಗಳ ಹಣಕಾಸಿನಲ್ಲಿ ವಿತ್ತೀಯ ಜಾರಿಕೆ ಎಂದರೆ ಕೊರತೆ ತಾವೇ ಹಾಕಿಕೊಂಡ ಮಿತಿಯನ್ನು ದಾಟುವುದು. ಕರ್ನಾಟಕ 2002ರಲ್ಲಿ, ರಾಜ್ಯಗಳ ಪೈಕಿ ಮೊದಲನೆಯದಾಗಿ, ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿತು. ಕೇಂದ್ರದ ಕಾಯ್ದೆ 2003ರದು. ಕೇಂದ್ರ ಸರ್ಕಾರ ಹಾಕಿಕೊಂಡ, ಜಿಡಿಪಿಯ ಶೇಕಡ 3ರ ಗುರಿ 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ತಪ್ಪಿ, ನಂತರ ಮತ್ತೆ ಮತ್ತೆ ಮುಂದಕ್ಕೆ ಹೋಗಿ, 2020-21ರಲ್ಲಿ ಕೊರತೆ ಶೇಕಡ 9ನ್ನು ಮೀರಿದ ಮೇಲೆ, 2025-26ಕ್ಕೆ ಶೇಕಡ 4.5ಕ್ಕಿಂತ ಕೆಳಗೆ ತರುವ ಬೇರೆ ಗುರಿಗೆ ಜಾಗ ಬಿಟ್ಟುಕೊಟ್ಟಿತು. ಪ್ರತಿ ಮುಂದೂಡಿಕೆಗೂ ಕಾರಣವಿತ್ತು, ಕೆಲವು ಕಾರಣಗಳು ನ್ಯಾಯವಾಗಿಯೂ ಇದ್ದವು.

ನುಡಿ ಮತ್ತು ಅರ್ಥ

ಭಾಷೆಯಲ್ಲಿ ನಡೆಯುವ ಜಾರಿಕೆ ಇವೆಲ್ಲಕ್ಕಿಂತ ನಿಧಾನವಾದದ್ದು, ಮತ್ತು ಅದನ್ನು ನಷ್ಟವೆಂದು ಕರೆಯುವುದು ಕಷ್ಟ. ಹಳಗನ್ನಡದ 'ಪುಲಿ', 'ಪಾಲ್', 'ಪಳ್ಳಿ' ಎಂಬ ಪದಗಳ ಪಕಾರ ಕೆಲವು ಶತಮಾನಗಳ ಅವಧಿಯಲ್ಲಿ ಹಕಾರವಾಗಿ ಸರಿದು 'ಹುಲಿ', 'ಹಾಲು', 'ಹಳ್ಳಿ' ಎಂದು ನಿಂತವು. ಹುಲಿಯೂರುದುರ್ಗದ ಹೆಸರಿನ ಮೊದಲಕ್ಷರವೂ ಆ ಪಲ್ಲಟದ ಫಲ. ಅರ್ಥವೂ ಹೀಗೆಯೇ ಸರಿಯುತ್ತದೆ: ಸಂಸ್ಕೃತದಲ್ಲಿ ಸಂದರ್ಭವನ್ನು ಹೇಳುವ 'ಅವಸರ' ಕನ್ನಡದಲ್ಲಿ ಆತುರವೂ ತೆಲುಗಿನಲ್ಲಿ ಅಗತ್ಯವೂ ಆಯಿತು, ಕನ್ನಡದ 'ಉಪನ್ಯಾಸ' ಭಾಷಣವಾದರೆ ಹಿಂದಿಯ 'ಉಪನ್ಯಾಸ್' ಕಾದಂಬರಿ. ಒಬ್ಬ ವ್ಯಕ್ತಿಯ ಮಟ್ಟದಲ್ಲಿ ನಾಲಿಗೆ ಜಾರುವುದನ್ನು ಫ್ರಾಯ್ಡ್ 1901ರ ತನ್ನ ಗ್ರಂಥದಲ್ಲಿ ಅಡಗಿದ ಬಯಕೆಯ ಸುಳಿವೆಂದು ವಿವರಿಸಿದನು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎನ್ನುವ ಗಾದೆ ಕಾರಣಕ್ಕಿಂತ ಪರಿಣಾಮವನ್ನು ಎತ್ತಿಹಿಡಿಯುತ್ತದೆ. ನುಡಿಯ ಪಲ್ಲಟದಲ್ಲಿ ಒಂದೇ ನುಡಿಯನ್ನಾಡುವವರು ಬಹುಮಟ್ಟಿಗೆ ಒಟ್ಟಾಗಿಯೇ ಸರಿಯುವುದರಿಂದ, ಅವರಲ್ಲಿ ಒಂದೇ ಕಾಲದ ಇಬ್ಬರ ನಡುವೆ ದೊಡ್ಡ ಅಂತರ ಬೀಳುವುದು ಕಡಿಮೆ.

ಗೆರೆಯನ್ನು ಕಾಯುವವರು

ಈ ಬಳಕೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೂರು ಬಗೆಯ ಜಾರಿಕೆಗಳು ಬೇರ್ಪಡುತ್ತವೆ. ಮೋಟರಿನ ಸ್ಲಿಪ್ಪಿನಂಥದು ಕೆಲಸಕ್ಕೇ ಅಗತ್ಯವಾದದ್ದು. ಬೆಲ್ಟಿನ, ನಾಲೆಯ, ಬೆಲೆಯ ಜಾರಿಕೆಗಳು ನಷ್ಟವಾದರೂ ಅಳೆಯಬಹುದಾದವು, ಹಂಚಿಕೊಳ್ಳಬಹುದಾದವು. ಗಡುವು, ಸಾಲ ಮತ್ತು ಬಜೆಟ್ಟಿನ ಜಾರಿಕೆಯಲ್ಲಿ ಮಾತ್ರ ಅಳೆಯಲು ಎಳೆದ ಗೆರೆಯೇ ವಸ್ತುವಿನ ಜೊತೆ ಸರಿದು, ಅಂತರ ಇಲ್ಲವೆಂಬ ಭ್ರಮೆ ಹುಟ್ಟುವ ಅಪಾಯವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತವನ್ನು ಅಧ್ಯಯನ ಮಾಡಿ ತೋರಿಸಿದ್ದು ಈ ಮೂರನೆಯ ಬಗೆಯನ್ನೇ: ರಾಕೆಟ್ಟಿನ ರಬ್ಬರ್ ಬಳೆಗಳು ಹಿಂದಿನ ಹಾರಾಟಗಳಲ್ಲಿ ಸವೆದಾಗಲೆಲ್ಲ ಅಷ್ಟು ಸವೆತ ಪರವಾಗಿಲ್ಲ ಎಂಬ ತೀರ್ಮಾನವಾಗುತ್ತ ಬಂದು, ಕ್ರಮ ತಪ್ಪಿದ್ದೇ ಕ್ರಮವಾಯಿತು.

ಹಾಗಾಗಿ ಯಾವುದೇ ಕ್ಷೇತ್ರದಲ್ಲಿ ಜಾರಿಕೆ ಎಂಬ ಮಾತು ಬಂದಾಗ ಅದು ಎಷ್ಟು ಎಂದು ಕೇಳುವ ಮುಂಚೆ, ಯಾವ ಎರಡರ ನಡುವೆ, ಯಾವ ಗೆರೆಯಿಂದ, ಮತ್ತು ಆ ಗೆರೆಯನ್ನು ಕಾಯುವವರು ಯಾರು ಎಂದು ಕೇಳಬೇಕಾಗುತ್ತದೆ. ನೀರನ್ನು ಬಿಡುವವರೇ ಅಳೆಯುವಲ್ಲಿ, ಸಾಲ ಕೊಟ್ಟವರೇ ಅದು ಸುಸ್ಥಿತಿಯಲ್ಲಿದೆಯೆಂದು ಬರೆದುಕೊಳ್ಳುವಲ್ಲಿ, ಕೆಲಸ ಮಾಡುವವರೇ ಗಡುವನ್ನು ಪರಿಷ್ಕರಿಸುವಲ್ಲಿ ಅಂಕಿಗಳು ಸರಿಯಾಗಿದ್ದರೂ ನಂಬಿಕೆ ಹುಟ್ಟುವುದಿಲ್ಲ. ಗೆರೆ ಎಂದೂ ಸರಿಯಲೇಬಾರದು ಎಂಬ ಹಟ ಬರ, ನೆರೆ, ಬಿಕ್ಕಟ್ಟುಗಳ ಕಾಲದಲ್ಲಿ ನಿಲ್ಲದು. ಸರಿಸಬೇಕಾದಾಗ ಹಳೆಯ ಗೆರೆಯನ್ನು ಅಳಿಸದೆ, ಅದರ ಪಕ್ಕದಲ್ಲೇ ಹೊಸದನ್ನೂ ಸರಿಸಿದ ದಿನವನ್ನೂ ಕಾರಣವನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡುವುದು ಸಾಧ್ಯವಿದೆ; ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ನಡುವಿನ ನೀರಿನ ಲೆಕ್ಕಕ್ಕೆ ಹೊಸ ಕಾಲುವೆಗಿಂತ ಮೊದಲು ಬೇಕಾಗಿರುವುದು ಅಂಥ ಒಂದು ದಾಖಲೆ.